ಹದಿಮೂರನೆಯ ಕ್ಲಿಯರ್

ಹೆತ್ತವರು ಇಟ್ಟ ಹೆಸರು ಆಕೆಗೆ ಆ ಆಫೀಸಿನಲ್ಲಿ ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಹೆಸರಮ್ಮ. ಬೇರೆಯವರು ಬರೆದ ಕಂಪ್ಯೂಟರ್ ಕೋಡಿನಲ್ಲಿ ಹೆಸರು ಸರಿಯಿಲ್ಲ ಎಂದು ಮೂಗು ಮುರಿಯುವುದನ್ನೇ ಉದ್ಯೋಗ ಮಾಡಿಕೊಂಡವಳನ್ನು ಇನ್ನೇನೆಂದು ಕರೆದಾರು. ಆ ಅಡ್ಡಹೆಸರು ಆಕೆಗೂ ಗೊತ್ತಿತ್ತು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅವರು ಮಾಡುತ್ತಿದ್ದುದು ಆಸ್ಪತ್ರೆಗಳ ಪ್ರೋಗ್ರಾಮರ್‌ಗಳು ಬಳಸುವ ಲೈಬ್ರರಿ. ಪುಸ್ತಕದ್ದಲ್ಲ. ರೋಗಿಯ ಸರದಿ ಬರೆದುಕೊಳ್ಳುವುದು, ದಿನ ಬದಲಿಸುವುದು, ಪಟ್ಟಿ ತೋರಿಸುವುದು, ಇಂಥ ಕೆಲಸಗಳನ್ನೆಲ್ಲ ಕೋಡಿನಲ್ಲಿ ಮೊದಲೇ ಬರೆದಿಟ್ಟು ಒಂದೊಂದಕ್ಕೂ ಒಂದು ಹೆಸರು ಕೊಟ್ಟ ಕಟ್ಟು ಅದು. ಹಾಗೆ ಹೆಸರು ಪಡೆದ ಕೆಲಸಕ್ಕೆ ಮೆಥಡ್ ಅನ್ನುತ್ತಾರೆ. ಆಸ್ಪತ್ರೆಯವರು ಒಳಗೇನಿದೆ ಎಂದು ಬಗೆದು ನೋಡುವುದಿಲ್ಲ. ಹೆಸರು ಹಿಡಿದು ಕರೆಯುತ್ತಾರೆ, ಕೆಲಸ ಆಗುತ್ತದೆ. ಹೆಸರು ಒಂದು ಹೇಳಿ ಕೆಲಸ ಇನ್ನೊಂದು ಆದರೆ ಕರೆದವರ ಗತಿ ಮುಗಿಯಿತು.

ಗತಿ ಮುಗಿಯುವ ಅವಕಾಶಗಳು ಈ ಲೈಬ್ರರಿಯಲ್ಲಿ ಧಾರಾಳವಾಗಿದ್ದವು. ಅಳಿಸುವುದಕ್ಕೆ ಒಂದು ಕಡೆ ರಿಮೂವ್, ಇನ್ನೊಂದು ಕಡೆ ಡಿಲೀಟ್, ಮತ್ತೊಂದು ಕಡೆ ಡ್ರಾಪ್. ಬರೆದವರಿಗೆ ಅವತ್ತು ಯಾವುದು ಬಾಯಿಗೆ ಬಂತೋ ಅದು. ಸರಿಪಡಿಸೋಣ ಎಂದು ಹೆಸರಮ್ಮ ಹಟ ಹಿಡಿದಾಗ ಮ್ಯಾನೇಜರ್ ಒಂದು ಸಮಿತಿ ಮಾಡಿದರು. ಸಮಿತಿ ಏಳು ಸಲ ಸೇರಿ, ಆಫೀಸಿನ ಬಿಸ್ಕತ್ತೆಲ್ಲ ಮುಗಿಸಿ, ಮೂರೂ ಹೆಸರು ಹಾಗೇ ಇರಲಿ, ಎಲ್ಲರ ಸಮಾಧಾನಕ್ಕೆ ನಾಲ್ಕನೆಯದೊಂದು ಸೇರಿಸೋಣ ಎಂಬ ಒಮ್ಮತಕ್ಕೆ ಬಂತು.

ಈ ಅಧ್ವಾನಕ್ಕೆಲ್ಲ ಕಾರಣ ಯಾರು ಎಂದು ಕೇಳಿದರೆ ಆಫೀಸಿನಲ್ಲಿ ಒಂದೇ ಉತ್ತರ: ಬಿಟ್ಟುಹೋದ ಭೂಪ. ಹತ್ತು ವರ್ಷದ ಹಿಂದೆ ಕೆಲಸ ಬಿಟ್ಟ ಹಳೆಯ ಮುಖ್ಯಸ್ಥನಿಗೆ ಕೊಟ್ಟ ಬಿರುದು ಅದು. ಏನು ಕೆಟ್ಟರೂ ಅವನ ತಲೆಗೆ ಕಟ್ಟುವುದು ಅಲ್ಲಿಯ ಪದ್ಧತಿ. ಅವನು ಬಂದು ಇಲ್ಲ ಎನ್ನುವಂತಿರಲಿಲ್ಲ, ಹಾಗಾಗಿ ಮೀಟಿಂಗುಗಳು ಬೇಗ ಮುಗಿಯುತ್ತಿದ್ದವು. ಈ ವಿಷಯದಲ್ಲಿ ಹೆಸರಮ್ಮ ಉಳಿದವರಿಗಿಂತ ಒಂದು ಕೈ ಮುಂದು. ಭೂಪ ಇಟ್ಟ ಹೆಸರುಗಳ ಪಟ್ಟಿಯನ್ನು ಹೊಸಬರಿಗೆ ಓದಿ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು.

ಮನೆಯಲ್ಲಿ ಆಕೆ ಮತ್ತು ಅಕ್ಕ, ಇಬ್ಬರೇ. ಅಕ್ಕ ಬಟ್ಟೆ ಹೊಲಿದು ತಂಗಿಯನ್ನು ಓದಿಸಿದವಳು, ಅದನ್ನು ಒಂದು ದಿನವೂ ಎತ್ತಿ ಆಡಿದವಳಲ್ಲ. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂದು ಹೇಳಿ ಗಿರಾಕಿಗಳನ್ನು ವಾಪಸ್ ಕಳಿಸುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ನಾಲ್ಕು ತಿಂಗಳು ಕಾದ ಮೇಲೆ ಆಪರೇಷನ್ನಿಗೆ ದಿನ ಸಿಕ್ಕಿತ್ತು, ಬರುವ ಗುರುವಾರ. ದಿನ ಎಲ್ಲಿ ತಪ್ಪಿಹೋಗುತ್ತದೋ ಎಂದು ಅಕ್ಕ ಹೆದರಿದಾಗಲೆಲ್ಲ ತಂಗಿ, ಆ ಆಸ್ಪತ್ರೆಯಲ್ಲಿರುವುದು ನಮ್ಮ ಲೈಬ್ರರಿಯೇ, ತಪ್ಪುವ ಮಾತೇ ಇಲ್ಲ ಎಂದು ಬೀಗುತ್ತಿದ್ದಳು.

ಸೋಮವಾರ ಅದೇ ಆಸ್ಪತ್ರೆಯಿಂದ ದೂರು ಬಂತು. ಕಣ್ಣಿನ ಡಾಕ್ಟರರ ಒಂದು ತಿಂಗಳ ಸರದಿಯೆಲ್ಲ ಮಾಯವಾಗಿತ್ತು. ಅಲ್ಲಿಯ ಪ್ರೋಗ್ರಾಮರ್ ಪರದೆಯ ಮೇಲಿನ ಫಾರಂ ಖಾಲಿ ಮಾಡಲೆಂದು ಕ್ಲಿಯರ್ ಎಂಬ ಮೆಥಡ್ ಕರೆದಿದ್ದಳು. ಲೈಬ್ರರಿಯಲ್ಲಿ ಹನ್ನೆರಡು ಕಡೆ ಕ್ಲಿಯರ್ ಎಂಬ ಹೆಸರು ಮಾಡುವುದು ಅಷ್ಟೇ ಕೆಲಸ. ಹದಿಮೂರನೆಯ ಕಡೆ ಮಾತ್ರ ಅದು ಸರದಿ ಪುಸ್ತಕವನ್ನೇ ಒರೆಸಿಹಾಕುತ್ತಿತ್ತು. ಎರಡು ದಿನ ಯಾರ ಗಮನಕ್ಕೂ ಬರಲಿಲ್ಲ, ಖಾಲಿ ಕಂಡ ಜಾಗಗಳಿಗೆಲ್ಲ ಬೇರೆ ರೋಗಿಗಳನ್ನು ಹಾಕಿಯಾಗಿತ್ತು. ಕಾದು ಕಾದು ಸರದಿ ಪಡೆದವರು ಮತ್ತೆ ಸಾಲಿನ ಕೊನೆಗೆ ಹೋಗಿದ್ದರು.

ಮ್ಯಾನೇಜರ್ ಆಗಲೇ ಉತ್ತರ ಸಿದ್ಧ ಮಾಡಿದ್ದರು. ಆ ಹೆಸರಿಟ್ಟವರು ಈಗ ನಮ್ಮಲ್ಲಿಲ್ಲ, ಆದರೂ ಲೈಬ್ರರಿಯ ಜೊತೆ ಕೊಟ್ಟ ವಿವರಣೆಯ ನೂರಾ ಹನ್ನೊಂದನೆಯ ಪುಟದಲ್ಲಿ ಎಲ್ಲವೂ ಸ್ಪಷ್ಟವಾಗಿದೆ, ನಿಮ್ಮ ಪ್ರೋಗ್ರಾಮರ್ ಓದಬೇಕಿತ್ತು ಎಂದು. ಹೆಸರಮ್ಮನಿಗೆ ಮೈಯೆಲ್ಲ ಉರಿಯಿತು. ಭೂಪನ ಮಾನವನ್ನು ಸಾಕ್ಷಿ ಸಮೇತ ಹರಾಜು ಹಾಕಬೇಕೆಂದು ಕೋಡಿನ ಇತಿಹಾಸ ತೆಗೆದಳು. ಯಾವ ಸಾಲನ್ನು ಯಾರು, ಯಾವತ್ತು ಬರೆದರು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಉತ್ತರ ಮೊದಲೇ ಗೊತ್ತಿದ್ದುದರಿಂದ ಇಷ್ಟು ವರ್ಷ ಯಾರೂ ಅದನ್ನು ತೆಗೆದು ನೋಡಿರಲಿಲ್ಲ.

ಹದಿಮೂರನೆಯ ಕ್ಲಿಯರ್ ಬರೆದ ಸಾಲಿನ ಪಕ್ಕದಲ್ಲಿ ಆಕೆಯದೇ ಹೆಸರಿತ್ತು. ಹನ್ನೊಂದು ವರ್ಷದ ಹಿಂದಿನ ಒಂದು ಶುಕ್ರವಾರ. ಕೆಳಗೆ ಭೂಪನ ಟಿಪ್ಪಣಿ: ಇದೇ ಹೆಸರು ಬೇರೆ ಕಡೆ ಬೇರೆ ಕೆಲಸ ಮಾಡುತ್ತಿದೆ, ಯಾರಾದರೂ ಎಡವುತ್ತಾರೆ, ದಯವಿಟ್ಟು ಬದಲಿಸುತ್ತೀರಾ? ಅದರ ಕೆಳಗೆ ಆಕೆಯ ಉತ್ತರ: ಅರ್ಥವಾಗದವರು ವಿವರಣೆ ಓದಿಕೊಳ್ಳಲಿ.

ಇದು ಯಾರಿಗೂ ಗೊತ್ತಾಗಬೇಕಿಲ್ಲ ಎಂಬುದೇ ಮೊದಲು ಬಂದ ಯೋಚನೆ. ಇಷ್ಟೆಲ್ಲ ಹೊತ್ತ ಭೂಪ ಇದೊಂದನ್ನು ಹೊರಲಾರನೇ. ಆಮೇಲೆ ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು. ಮ್ಯಾನೇಜರ ಬಳಿ ಹೋಗಿ, ಹೆಸರಿಟ್ಟವಳು ನಾನು, ಹಾಗೆಂದೇ ಬರೆಯಿರಿ ಎಂದಳು. ಅವರು ಎದ್ದು ಬಾಗಿಲು ಹಾಕಿ, ಆಫೀಸಿನ ಪದ್ಧತಿ ಕೆಡಿಸಬೇಡಿ ಎಂದು ಬೇಡಿಕೊಂಡರು. ಇವತ್ತು ಒಬ್ಬರು ತಪ್ಪು ಒಪ್ಪಿಕೊಂಡರೆ ನಾಳೆ ಎಲ್ಲರೂ ಒಪ್ಪಿಕೊಳ್ಳಬೇಕಾಗುತ್ತದೆ, ಕಂಪನಿ ನಡೆಯುವುದು ಹೇಗೆ. ಆಕೆ ಪತ್ರವನ್ನು ತಾನೇ ಬರೆದು ಕಳಿಸಿದಳು. ಹದಿಮೂರನೆಯ ಕ್ಲಿಯರನ್ನು ಕಿತ್ತುಹಾಕಿ, ಸರದಿ ಪುಸ್ತಕ ಪೂರ್ತಿ ಅಳಿಸುತ್ತದೆ ಎಂದು ಬಾಯಿಬಿಟ್ಟು ಹೇಳುವ ಉದ್ದನೆಯ ಹೆಸರಿಟ್ಟಳು. ಸಮಿತಿಯನ್ನು ಕೇಳುವ ಗೋಜಿಗೆ ಹೋಗಲಿಲ್ಲ.

ಸಂಜೆ ಮನೆಗೆ ಬಂದಾಗ ಅಕ್ಕ ಆಸ್ಪತ್ರೆಗೆಂದು ತುಂಬಿಟ್ಟಿದ್ದ ಚೀಲದಿಂದ ಬಟ್ಟೆಗಳನ್ನು ವಾಪಸ್ ತೆಗೆದಿಡುತ್ತಿದ್ದಳು.

"ಇನ್ನೂ ನಾಲ್ಕು ತಿಂಗಳಂತೆ. ಯಾರೋ ಪುಣ್ಯಾತ್ಮರು ಎಲ್ಲಾ ಅಳಿಸಿಬಿಟ್ರಂತೆ," ಅಂದಳು.

"ಆ ಪುಣ್ಯಾತ್ಗಿತ್ತಿ ನಾನೇ ಅಕ್ಕ."

ತಂಗಿ ಇದ್ದದ್ದನ್ನೆಲ್ಲ ಹೇಳಿದಳು. ಭೂಪನ ಟಿಪ್ಪಣಿಯನ್ನೂ ತನ್ನ ಉತ್ತರವನ್ನೂ ಬಿಡಲಿಲ್ಲ. ಅಕ್ಕ ಮಡಿಚುತ್ತಿದ್ದ ಸೀರೆಯನ್ನು ಪೂರ್ತಿ ಮಡಿಚಿಟ್ಟಳು.

"ಆ ಮನುಷ್ಯ ಆವತ್ತೇ ಹೇಳಿದ್ನಲ್ಲ. ನೀನ್ಯಾಕೆ ಕೇಳ್ಲಿಲ್ಲ?"

"ನಂಗೆ ಅರ್ಥ ಆಗಿತ್ತಲ್ಲ, ಅದಕ್ಕೆ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ತಂಗಿಗೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕ ಹೊಲಿಗೆ ಯಂತ್ರದ ಪಕ್ಕ ಕೈಯಾಡಿಸಿ, ಸೂಜಿಗಳ ಡಬ್ಬಿಯನ್ನು ತಡವಿ ಹುಡುಕಿ ತಂದು ಅವಳ ಮಡಿಲಲ್ಲಿ ಇಟ್ಟಳು.

"ಅಲ್ಲೀವರೆಗೆ ಕೈಹೊಲಿಗೆಯಾದ್ರೂ ಮಾಡ್ತೀನಿ. ದಿನಾ ಆಫೀಸಿಗೆ ಹೋಗೋಕೆ ಮುಂಚೆ ಇಪ್ಪತ್ತು ಸೂಜಿಗೆ ದಾರ ಪೋಣಿಸಿಟ್ಟು ಹೋಗು. ಕಪ್ಪು ಎಡಗಡೆ, ನೀಲಿ ಬಲಗಡೆ. ಒಂದು ದಿನ ಹಾಗೆ, ಒಂದು ದಿನ ಹೀಗೆ ಮಾಡ್ಬೇಡ. ನಂಗೀಗ ಎರಡೂ ಒಂದೇ ಥರ ಕಾಣುತ್ತೆ."