ಯಾರಾದರೂ ಶುರು ಮಾಡಬೇಕಲ್ಲ

ಗೋಳಿಬಜೆಯ ವಾಸನೆಗೆ ಪಾಸ್‌ಪೋರ್ಟ್ ಬೇಡ. ಮೊನ್ನೆ ಶುಕ್ರವಾರ ಅಬು ಹಮೂರಿನ ಒಂದು ವಿಲ್ಲಾಕ್ಕೆ ಕಾಲಿಟ್ಟದ್ದೇ ತಡ, ಅದು ನನ್ನನ್ನು ನೇರ ನಮ್ಮ ಕಾಲೇಜಿನ ಕ್ಯಾಂಟೀನಿಗೆ ಎಳೆದೊಯ್ದಿತು. ಕರಾವಳಿಯ ಆ ಕಾಲೇಜಿನಲ್ಲಿ ಓದಿ ಕತಾರಿಗೆ ಬಂದವರದ್ದೊಂದು ಸಂಘವಿದೆ. ವರ್ಷಕ್ಕೊಮ್ಮೆ ಸೇರುತ್ತೇವೆ, ಬ್ಯಾಚಿನ ಪ್ರಕಾರ ಎದ್ದು ನಿಂತು ಹೆಸರು ಹೇಳುತ್ತೇವೆ. ಹೊಟ್ಟೆ ಬಂದವರು, ಕೂದಲು ಹೋದವರು, ಎಲ್ಲರೂ ಆ ಒಂದು ಗಳಿಗೆ ಮತ್ತೆ ಹುಡುಗರು. ನಾನೂ.

ಈ ಸಲ ಅಧ್ಯಕ್ಷ ದಿವಾಕರ ರೈಗಳು ಹೊಸದೊಂದು ಸೇರಿಸಿದರು.

"ಮಕ್ಕಳೂ ಅಪ್ಪ ಅಮ್ಮನ ಬ್ಯಾಚ್ ಜೊತೆ ನಿಲ್ಲಲಿ. ಕಾಲೇಜಿನವರು ಒಪ್ಪಿದ್ದಾರೆ ಮಾರಾಯ್ರೆ, ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಸೀಟ್ ಫಸ್ಟ್. ನಿಂತವರ ಹೆಸರು ನಾನು ಕಳಿಸ್ತೇನೆ. ಖಲಾಸ್!"

ಭರ್ಜರಿ ಚಪ್ಪಾಳೆ. ನನ್ನ ಮಗಳು ನಿಧಿ ಮೊಣಕೈಯಿಂದ ತಿವಿದಳು. ಹನ್ನೆರಡನೇ ತರಗತಿ ಈಗಷ್ಟೇ ಮುಗಿಸಿದ ಅವಳಿಗೆ ಬೇಕಾದದ್ದು ಅದೇ ಕಾಲೇಜು. ಅಂಕಗಳು ಮಾತ್ರ ಸೀಟು ಸಿಕ್ಕರೆ ಸಿಕ್ಕೀತು ಎನ್ನುವಷ್ಟು.

ನನಗೆ ನೆನಪಾದದ್ದು ನನ್ನ ಸೀಟು. ಹೆಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪ ಚಪ್ಪಲಿಯನ್ನು ಹೊರಗೆ ಬಿಟ್ಟು ಪ್ರಾಂಶುಪಾಲರ ಮುಂದೆ ನಿಂತಿದ್ದರು. "ನಿಮ್ಮ ಮನೆಯಿಂದ ಇಲ್ಲಿ ಯಾರು ಓದಿದ್ದಾರೆ?" ಎಂದರು ಅವರು. ಅಪ್ಪ ತಲೆ ತಗ್ಗಿಸದೆ ಹೇಳಿದರು: "ಯಾರೂ ಇಲ್ಲ ಸರ್. ಯಾರಾದರೂ ಶುರು ಮಾಡಬೇಕಲ್ಲ."

ಹೀಗೆ ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ನಿಮ್ಮಲ್ಲಿ ಮುಚ್ಚಿಡುವುದೇನು, ನನಗೇ ಗುಮಾನಿ; ಆವತ್ತು ನಾನು ಬಾಗಿಲ ಹೊರಗಿದ್ದೆ. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ಸುಮ್ಮನೆ ಬರುತ್ತಿದ್ದ ಮನುಷ್ಯ ಅಷ್ಟು ನೆಟ್ಟಗೆ ಮಾತಾಡಿಯಾರೇ? "ಇಲ್ಲ ಸರ್" ಎಂದಷ್ಟೇ ಹೇಳಿ ನೆಲ ನೋಡಿರಬೇಕು. ಉಳಿದದ್ದು ನಾನು ಡಿಗ್ರಿ ಪಡೆದ ಮೇಲೆ ಅವರಿಗೆ ಹೊಲಿದ ಅಂಗಿಯೋ ಏನೋ. ಕೇಳೋಣವೆಂದರೆ ಅಪ್ಪ ಇಲ್ಲ.

"ಪಪ್ಪ, ನಮ್ಮ ಬ್ಯಾಚ್ ಬಂತು. ನಿಲ್ಲುವಾ?"

"ನೀನು ನಿಲ್ಲುವುದಾದರೆ ತಡೆಯುವುದಿಲ್ಲ. ಆದರೆ ನಿನ್ನ ಹೆಸರು ಕಳಿಸಿ ಅಂತ ನಾನು ಹೇಳುವುದಿಲ್ಲ."

"ನೀವು ಯಾರ ಮಗನೂ ಅಲ್ಲದೆ ಆ ಕಾಲೇಜಿಗೆ ಹೋದ್ರಿ. ನಾನು ನಿಮ್ಮ ಮಗಳಾದದ್ದು ನನ್ನ ತಪ್ಪಾ?"

ಅವಳ ತಪ್ಪಲ್ಲ, ಖಂಡಿತ. ಆದರೂ ಎದ್ದೆ. ಹೆಸರು ಹೇಳಿ ಕೂರಬೇಕಾದವನು ಕೂರಲಿಲ್ಲ. ನಾವು ನಿಂತ ಜಾಗದಲ್ಲಿ ನಮ್ಮ ಮಕ್ಕಳೇ ನಿಂತರೆ, ಚಪ್ಪಲಿ ಹೊರಗೆ ಬಿಟ್ಟು ಬರುವವರ ಮಕ್ಕಳು ಎಲ್ಲಿ ನಿಲ್ಲಬೇಕು ಎಂದು ಕೇಳಿದೆ. "ಅವರ ಮನೆಯಲ್ಲೂ ಯಾರಾದರೂ ಶುರು ಮಾಡಬೇಕಲ್ಲ," ಎಂದೆ.

"ಮಂಡೆ ಸಮ ಉಂಟಾ ನಿಮಗೆ?" ರೈಗಳು ಮೈಕಿನಲ್ಲೇ ಕೇಳಿದರು. "ಹೋಗುವುದು ನಿಮ್ಮ ಮಗಳ ಸೀಟೇ ಅಲ್ವಾ?"

ಹಾಲ್ ನಕ್ಕಿತು. ನಿಧಿ ನಗಲಿಲ್ಲ. ಎದ್ದೂ ನಿಲ್ಲಲಿಲ್ಲ; ಕೈಕಟ್ಟಿ ಕೂತೇ ಇದ್ದಳು.

ಅಲ್ ಥುಮಾಮಾದ ನಮ್ಮ ಮನೆಗೆ ಹೊರಟಾಗ ಗೋಳಿಬಜೆಯ ಪೊಟ್ಟಣ ಅವಳ ಮಡಿಲಲ್ಲಿತ್ತು. ಸಿಗ್ನಲ್ಲಿನಲ್ಲಿ ಬಾಯಿಬಿಟ್ಟಳು.

"ಅಜ್ಜ ನಿಜವಾಗ್ಲೂ ಹಾಗೆ ಹೇಳಿದ್ರಾ?"

"ಗೊತ್ತಿಲ್ಲ."

"ಗೊತ್ತಿಲ್ಲದೆ ನನ್ನ ಸೀಟ್ ಬಿಟ್ರಾ?"

"ಅಜ್ಜ ಹೇಳಿದ್ದು ಗೊತ್ತಿಲ್ಲ. ನಾನು ಹೇಳಿದ್ದನ್ನು ನೀನೇ ಕೇಳಿದೆಯಲ್ಲ."

ಅವಳು ಪೊಟ್ಟಣ ಬಿಚ್ಚಿ ಒಬ್ಬಳೇ ತಿನ್ನತೊಡಗಿದಳು. ನನಗೆ ಕೊಡಲಿಲ್ಲ. ಕೊಡದಿರಲಿ. ಆ ಮಾತನ್ನು ನಮ್ಮ ಮನೆಯವರೊಬ್ಬರು ತಲೆ ತಗ್ಗಿಸದೆ ಹೇಳಿದ್ದಕ್ಕೆ ಈಗ ಒಬ್ಬ ಸಾಕ್ಷಿ ಇದ್ದಾಳೆ.