ಮೂರನೇ ತಿರುವಿನ ವೈಜನಾಥರು
ಐಟಿ ಕಂಪನಿಗಳು ಬರುತ್ತವೆಂದು ಎಲ್ಲರೂ ಪ್ಲಾಟು ಕೊಂಡು ಖಾಲಿ ಬಿಟ್ಟಿದ್ದ, ನಗರದಂಚಿನ ಉಪ್ಪಲ್‌ನ ಬಯಲಿನಲ್ಲಿ ಭಾನುವಾರ ಬಂದರೆ ಹಳೇ ಕಾರುಗಳ ರೇಸು. ನಮ್ಮ ವೈಜನಾಥರ ಫಿಯಟ್ಟಿನ ಬಾಗಿಲಿಗೆ ಹಗ್ಗ, ತಲೆಗೆ ಸ್ಕೂಟರ್ ಹೆಲ್ಮೆಟ್ಟು, ಬಾಯಲ್ಲಿ "ಇವತ್ತ ನೋಡ್ರಿ ನನ್ನ ಗಾಡಿ!" ಹಾರ್ನ್ ಹೊಡೆಯದೆ ಯಾರನ್ನೂ ಹಿಂದೆ ಹಾಕುವ ಮನುಷ್ಯರಲ್ಲ, ದಾಟುವಾಗ "ಶರಣ್ರೀ" ಬೇರೆ. ಮೂರನೇ ತಿರುವಿನಲ್ಲಿ ಅವರದೇ ಪ್ಲಾಟು. ಮುಂದೆಂದೋ ಮನೆಯ ಹೊಸ್ತಿಲು ಬರುವ ಜಾಗದಲ್ಲಿ ಹೆಂಡತಿ ಶಿವದೇವಿ ಬೆಳಿಗ್ಗೆಯೇ ರಂಗೋಲಿ ಹಾಕಿರುತ್ತಾರೆ. ಉಳಿದ ಕಾರುಗಳು ಅದರ ಮೇಲೇ ಹಾಯುತ್ತವೆ. ಇವರು ಪ್ರತಿ ಸುತ್ತಿಗೂ ಬ್ರೇಕ್ ಹಾಕಿ, ಬಳಸಿ ಹೋಗಿ, ಕೊನೆಯವರಾಗಿ ಗುರಿ ಮುಟ್ಟುತ್ತಾರೆ. ಮೊನ್ನೆ ಮುಂದಿದ್ದ ಕಾರುಗಳೆಲ್ಲ ಒಂದಕ್ಕೊಂದು ಗುದ್ದಿ ನಿಂತು, ಕೊನೆಯ ಸುತ್ತಿನಲ್ಲಿ ಇವರೇ ಮುಂದಾದರು. "ರಂಗೋಲಿ ಆಗಲೇ ಅಳಿಸೇತ್ರಿ, ಹೊಡೀರಿ ಗಾಡಿ!" ಎಂದು ತಿರುವಿನಲ್ಲಿ ನಿಂತಿದ್ದ ಶಿವದೇವಿ ಚೀರಿದರು. ವೈಜನಾಥರು ಬ್ರೇಕ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ ಹೇಳಿದರು: "ಹೊಸ್ತಿಲ ಐತಲ್ಲ!"