ಕೆಡದ ದೋಣಿಗೊಂದು ಹರಕೆ

ನಾನು ಹುಟ್ಟಿದ ಅರಸೀಕೆರೆಯಲ್ಲಿ ಸಮುದ್ರವಿಲ್ಲ, ಬ್ಯಾಂಕ್ ಕೆಲಸಕ್ಕೆಂದು ಬಂದು ನೆಲೆಸಿರುವ ನೈರೋಬಿಯಲ್ಲೂ ಇಲ್ಲ. ಆದರೂ ನಾನೊಂದು ಯಾಟ್‌ನ, ಅಂದರೆ ವಿಹಾರದ ನೌಕೆಯ, ಮಾಲೀಕ. ಹೇಳಿದರೆ ಜನ ನಗುತ್ತಾರೆ, ನಗಲಿ.

ಮಾಲೀಕ ಎನ್ನುವುದೂ ಬಾಯಿಮಾತಿಗೆ. ಕರಾವಳಿಯ ಕಿಲಿಫಿಯಲ್ಲಿ ಯಾಟ್‌ಗಳನ್ನು ಬಾಡಿಗೆಗೆ ಬಿಡುವ ಕಂಪನಿಯೊಂದಿದೆ. ಯಾಟ್ ಕೊಳ್ಳುವವರು ನಾವು. ಅದನ್ನು ಐದು ವರ್ಷ ತನ್ನ ಕೈಯಲ್ಲಿಟ್ಟುಕೊಂಡು, ತೊಳೆದು, ನೋಡಿಕೊಂಡು, ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದು ಕಂಪನಿ. ವರ್ಷಕ್ಕೆ ಕೆಲವೇ ವಾರಗಳು ಮಾಲೀಕನ ಪಾಲಿಗೆ. ಅವನ್ನೂ ತಿಂಗಳುಗಳ ಮೊದಲೇ ಕಾದಿರಿಸಬೇಕು. ಐದು ವರ್ಷವಾದ ಮೇಲೆ ಯಾಟ್ ಪೂರ್ತಿ ನಮ್ಮದು. ಅಲ್ಲಿಯವರೆಗೆ ನಮ್ಮದು ಅಂತ ಇರುವುದು ಹೆಸರಿಡುವ ಹಕ್ಕೊಂದೇ. ನಮ್ಮೂರಲ್ಲಿ ಆಟೊ ಕೊಂಡರೂ ಲಾರಿ ಕೊಂಡರೂ ಹೆತ್ತವಳ ಹೆಸರು ಬರೆಸುತ್ತಾರೆ. ನಾನೂ ಅಮ್ಮನ ಹೆಸರು ಕೊಟ್ಟೆ. ಹಿಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದ ಫೋಟೊ ಕಳಿಸಿದಾಗ ಅಮ್ಮ ಅದನ್ನು ಬೀದಿಗೆಲ್ಲ ತೋರಿಸಿ ಬಂದಿದ್ದಳು.

ಈ ವರ್ಷ ಅವಳು ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಳು. ಕಾಫಿ ಬೆಳೆಯುವ ದೇಶಕ್ಕೆ ಅರಸೀಕೆರೆಯಿಂದ ಕಾಫಿಪುಡಿ, ಫಿಲ್ಟರ್ ಹೊತ್ತು ತಂದಿದ್ದಳು. ಸೂಟ್‌ಕೇಸಿನ ಮೂಲೆಯಲ್ಲಿ ದೋಣಿಯ ಪೂಜೆಗೆಂದು ಅರಿಶಿನ, ಕುಂಕುಮದ ಪೊಟ್ಟಣ ಬೇರೆ. ಅವಳ ಬಾಯಲ್ಲಿ ಅದು ಯಾಟ್ ಅಲ್ಲ, ದೋಣಿ. ಅವಳಿಗೆಂದೇ ಒಂದು ವಾರ ಕಾದಿರಿಸಿದ್ದೆ.

ಅಷ್ಟರಲ್ಲಿ ಕಂಪನಿಯಿಂದ ಮೇಲ್ ಬಂತು. ಆ ವಾರವನ್ನು ಯಾರೋ ಮದುವೆ ಪಾರ್ಟಿಗೆ ಕೇಳುತ್ತಿದ್ದಾರೆ, ಬಿಟ್ಟುಕೊಟ್ಟರೆ ಮಳೆಗಾಲದಲ್ಲಿ ಒಂದರ ಬದಲು ಎರಡು ವಾರ ಕೊಡುತ್ತೇವೆ ಎಂದು. ಒಂದಕ್ಕೆ ಎರಡು ಅಂದರೆ ಬಿಡುವ ಆಸಾಮಿಯಲ್ಲ ನಾನು. ಎರಡು ಮೀಟಿಂಗ್‌ಗಳ ನಡುವೆ ‘ಆಗಲಿ’ ಎಂದು ಬರೆದು ಕಳಿಸಿದೆ. ಮಳೆಗಾಲದ ಹೊತ್ತಿಗೆ ಅಮ್ಮ ಊರಿಗೆ ಮರಳಿರುತ್ತಾಳೆ ಎನ್ನುವುದು ಹೊಳೆದದ್ದು ಸಂಜೆ, ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಜನ ತುಂಬಿದ ಮಟಾಟು ವ್ಯಾನುಗಳ ನಡುವೆ ಕಾರು ಸಿಕ್ಕಿಕೊಂಡಾಗ. ಥೂ, ನನ್ನ ಬುದ್ಧಿಗಿಷ್ಟು! ಅಲ್ಲಿಂದಲೇ ಫೋನ್ ಮಾಡಿದೆ. ಮದುವೆಯವರು ಆಗಲೇ ಗೊತ್ತುಮಾಡಿಯಾಗಿತ್ತು, ಅಮ್ಮ ಇರುವ ಉಳಿದ ವಾರಗಳೂ ಭರ್ತಿಯಾಗಿದ್ದವು.

ನಿನ್ನ ಜಾಗವನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಮನೆಗೆ ಬಂದವನೇ, “ದೋಣಿ ಎಂಜಿನ್ ಕೆಟ್ಟಿದೆಯಂತಮ್ಮ, ರಿಪೇರಿ ಮಾಡ್ತಿದಾರೆ,” ಅಂದುಬಿಟ್ಟೆ. ಬೇಜಾರು ಮಾಡಿಕೊಂಡು ಸುಮ್ಮನಾಗುತ್ತಾಳೆ ಅಂದುಕೊಂಡಿದ್ದೆ.

ಅಮ್ಮನ ಮುಖ ಸಪ್ಪಗಾಯಿತು. “ಬೇಡ ಬೇಡ ಅಂದ್ರೂ ನನ್ನ ಹೆಸರಿಟ್ಟೆ. ನನ್ನ ಹೆಸರಿನ ಗುಣವೇ ಇರ್ಬೇಕು ಕಣೋ.”

“ಅಯ್ಯೋ, ಹೆಸರಿಗೂ ಎಂಜಿನ್‌ಗೂ ಏನಮ್ಮ ಸಂಬಂಧ?”

“ನಿಂಗೆ ಗೊತ್ತಾಗಲ್ಲ, ಸುಮ್ನಿರು.” ದೇವರ ಮುಂದೆ ಹೋಗಿ ಕೈಮುಗಿದು ಬಂದಳು. “ಹರಕೆ ಹೊತ್ಕೊಂಡಿದೀನಿ. ಆ ದೋಣಿ ಸರಿಹೋಗೋವರ್ಗೂ ನಾನು ಕಾಫಿ ಮುಟ್ಟಲ್ಲ.”

ಅಮ್ಮ ಕಾಫಿ ಬಿಡುವುದೆಂದರೆ ನಗುವ ಮಾತಲ್ಲ. ಎದ್ದ ಕೂಡಲೇ ಒಂದು ಲೋಟ ಇಳಿಯದಿದ್ದರೆ ಅವಳಿಗೆ ತಲೆನೋವು. ಅಂಥವಳು ಮರುದಿನ ಬೆಳಗ್ಗೆ ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ನೊರೆ ಬರುವಂತೆ ಬೆರೆಸಿ ನನ್ನ ಕೈಗೆ ಕೊಟ್ಟಳು. ತಾನು ಒಂದು ಲೋಟ ಬಿಸಿನೀರು ಹಿಡಿದು ಎದುರಿಗೆ ಕೂತಳು. ಹಣೆಗೆ ಅಮೃತಾಂಜನ ಹಚ್ಚಿದ ವಾಸನೆ ಬರುತ್ತಿತ್ತು. ಬೇಡ ಅನ್ನೋಣವೆಂದರೆ ಯಾಕೆ ಎಂದು ಕೇಳುತ್ತಾಳೆ. ಕುಡಿದೆ. ಅವತ್ತಿನಿಂದ ದಿನಾ ಇದೇ. ಅವಳು ಮಾಡಿಕೊಡುತ್ತಿದ್ದಳು, ನಾನು ಕುಡಿಯುತ್ತಿದ್ದೆ, ಅವಳು ಕೇಳುತ್ತಿದ್ದಳು, “ರಿಪೇರಿ ಎಲ್ಲಿಗೆ ಬಂತಪ್ಪ?” ನಾನು “ಯಾವುದೋ ಪಾರ್ಟ್ ಬರ್ಬೇಕಂತೆ,” ಅನ್ನುತ್ತಿದ್ದೆ. ಸರಿಹೋಯಿತು ಅಂದರೆ ಹೋಗೋಣ ನಡಿ ಅನ್ನುತ್ತಾಳೆ, ಅಲ್ಲಿ ನೋಡಿದರೆ ಬೇರೆಯವರಿದ್ದಾರೆ. ಇಲ್ಲ ಅಂದರೆ ಅವಳಿಗೆ ಕಾಫಿಯಿಲ್ಲ. ಅಪ್ಪರ್ ಹಿಲ್‌ನ ಆಫೀಸಿನಲ್ಲಿ ಯಾರಾದರೂ ಕಾಫಿಗೆ ಕರೆದರೂ ಸಿಟ್ಟು ಬರತೊಡಗಿತು. ಅವರ ತಪ್ಪೇನಿತ್ತು, ಪಾಪ.

ನನ್ನ ಹೆಂಡತಿಗೆ ಮೊದಲ ದಿನವೇ ಎಲ್ಲ ಗೊತ್ತು. “ನಿಮಗೇನ್ರೀ, ಆರಾಮಾಗಿ ಕುಡ್ಕೊಂಡು ಹೋಗ್ತೀರ. ಮಧ್ಯಾಹ್ನ ತಲೆ ಕಟ್ಕೊಂಡು ಮಲಗೋರನ್ನ ನೋಡೋಳು ನಾನು,” ಎಂದು ಒಮ್ಮೆ ಚೆನ್ನಾಗಿ ಉಗಿದಳು. “ಈ ವಾರದೊಳಗೆ ನೀವು ಹೇಳಿ. ಇಲ್ಲಾ ನಾನೇ ಹೇಳ್ತೀನಿ.”

ಹೇಳುವ ಧೈರ್ಯ ಬರಲಿಲ್ಲ. ಕಂಪನಿಯವರನ್ನು ಗೋಗರೆದೆ. ಶನಿವಾರ ಬೆಳಗ್ಗೆ ಒಂದು ತಂಡ ಇಳಿದು ಮಧ್ಯಾಹ್ನ ಇನ್ನೊಂದು ತಂಡ ಹತ್ತುವ ನಡುವೆ ಯಾಟ್ ತೊಳೆಯುತ್ತಾರೆ, ಆ ಹೊತ್ತಿನಲ್ಲಿ ಬಂದು ನೋಡಿ ಹೋಗಿ ಅಂದರು. ಅಮ್ಮನಿಗೆ, “ರಿಪೇರಿ ಮುಗೀತಂತೆ. ಇನ್ನು ಕಾಫಿ ಕುಡಿಯಮ್ಮ,” ಅಂದೆ.

“ಕಣ್ಣಾರೆ ನೋಡ್ದೆ ಕುಡಿಯಲ್ಲ,” ಅಂದಳು.

ಶನಿವಾರ ಬೆಳಗಿನ ವಿಮಾನದಲ್ಲಿ ನಾವಿಬ್ಬರೇ ಹೋದೆವು. ಜೆಟ್ಟಿಯ ತುದಿಯಲ್ಲಿ ಯಾಟ್ ನಿಂತಿತ್ತು. ಅಮ್ಮ ತನ್ನ ಹೆಸರಿನ ಅಕ್ಷರಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು. ಪೊಟ್ಟಣ ಬಿಚ್ಚಿ ಅರಿಶಿನ, ಕುಂಕುಮ ಇಟ್ಟಳು. ನೆಲ ಒರೆಸುವವರಿಗೆ ಏನೋ ಹೇಳುತ್ತಿದ್ದ ಕ್ಯಾಪ್ಟನ್ ಅದನ್ನು ಕಂಡು ಓಡಿಬಂದ. ಅಳಿಸಿ ಅನ್ನುತ್ತಾನೇನೋ ಎಂದುಕೊಂಡೆ. ಅವನು ಕೈಚಾಚಿ, “ಕರಿಬೂ, ಮಾಮಾ,” ಎಂದು ಸ್ವಾಗತಿಸಿ ಅವಳನ್ನು ಜೋಪಾನವಾಗಿ ಹತ್ತಿಸಿಕೊಂಡು ಕೂರಿಸಿದ. ಮಾಮಾ ಅಂದರೆ ಇಲ್ಲಿನವರ ಬಾಯಲ್ಲಿ ಅಮ್ಮ. ಹೆಸರು ಇವಳದೇ ಎಂದು ಗೊತ್ತಾದಾಗಂತೂ ಅವನಿಗೆ ಎಲ್ಲಿಲ್ಲದ ಖುಷಿ. ಇಂಗ್ಲಿಷಿನಲ್ಲಿ ಅವಳ ಮುಂದೆ ಶುರುಮಾಡಿದ: ಇಷ್ಟು ಯಾಟ್‌ಗಳಲ್ಲಿ ಒಮ್ಮೆಯೂ ಕೆಡದೆ ಇರುವುದು ಇದೊಂದೇ ಮಾಮಾ, ಎಂಜಿನ್ ಒಂದು ದಿನವೂ ಕೈಕೊಟ್ಟಿಲ್ಲ, ನಿನ್ನ ಹೆಸರು ತುಂಬ ಒಳ್ಳೆಯದು.

ಅಮ್ಮ ನನ್ನ ಕಡೆ ತಿರುಗಿದಳು. “ಏನಂತಾನೆ?”

ಅವಳಿಗೆ ಇಂಗ್ಲಿಷ್ ಬಾರದು. ರಿಪೇರಿ ಚೆನ್ನಾಗಿ ಆಗಿದೆಯಂತೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು ಆ ಮಾತು. ಆದರೆ ಹಾಗಂದರೆ ತನ್ನ ಹೆಸರೇ ಕೆಟ್ಟದ್ದು ಎಂದು ನಂಬಿಕೊಂಡೇ ಅವಳು ಊರಿನ ವಿಮಾನ ಹತ್ತುತ್ತಾಳೆ.

“ಈ ದೋಣಿ ಒಂದ್ಸಲಾನೂ ಕೆಟ್ಟಿಲ್ವಂತಮ್ಮ. ನಿನ್ನ ಹೆಸರು ಒಳ್ಳೇದಂತೆ.”

“ಮತ್ತೆ ರಿಪೇರಿ?”

“ಸುಳ್ಳಮ್ಮ. ನಿನಗೆ ಅಂತ ಇಟ್ಟಿದ್ದ ವಾರಾನ ಬೇರೆಯವರಿಗೆ ಕೊಟ್ಬಿಟ್ಟೆ.”

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. “ಸದ್ಯ. ನನ್ನಿಂದ ನಿಂಗೆ ಏನೂ ಕೆಟ್ಟದಾಗಿಲ್ವಲ್ಲ,” ಅಂದಳು.

ಕ್ಯಾಪ್ಟನ್ ಒಳಗಿನ ಪುಟ್ಟ ಅಡುಗೆಮನೆಯಿಂದ ಅವಳಿಗೆಂದು ಒಂದು ಕಪ್ ಕಾಫಿ ತಂದುಕೊಟ್ಟ. ಅಮ್ಮ ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ಅಷ್ಟರಲ್ಲಿ ಮುಂದಿನ ತಂಡದವರು ಪೆಟ್ಟಿಗೆಗಳನ್ನು ಎಳೆದುಕೊಂಡು ಜೆಟ್ಟಿಯ ಮೇಲೆ ಬಂದು ನಿಂತರು. ಅವರನ್ನು ನೋಡಿದ್ದೇ ಅಮ್ಮ ಎದ್ದಳು. ತಾನು ಕೂತಿದ್ದ ಜಾಗವನ್ನು ಸೆರಗಿನಿಂದ ಒರೆಸಿ, ದಿಂಬು ಸರಿಮಾಡಿ, ಕಪ್ಪನ್ನು ನನ್ನ ಕೈಗಿಟ್ಟಳು.

“ನೀನೇ ಕುಡ್ದುಬಿಡಪ್ಪ. ನಂಗೆ ಅಭ್ಯಾಸ ತಪ್ಪೋಗಿದೆ.”

ಕ್ಯಾಪ್ಟನ್ ಕೈ ಹಿಡಿದು ಅವಳನ್ನು ಇಳಿಸಿದ. ಕೆಳಗೆ ಜನ ಕಾಯುತ್ತಿದ್ದರು. ಅಷ್ಟೂ ಕಾಫಿಯನ್ನು ನಿಂತಲ್ಲೇ ಕುಡಿದೆ.